ಹಳೇ 550 ವ್ಯಾಟ್ ಎಸ್‌ಎಂಪಿಎಸ್‌ಗೆ ಆರ್‌ಎಕ್ಸ್ 7800 ಎಕ್ಸ್‌ಟಿ ಹಾಕಬಹುದಾ? ಬದಲಾಯಿಸಲೇಬೇಕಾ?

ಮಳೆಹನಿ:
ಎಲ್ಲರಿಗೂ ನಮಸ್ಕಾರ. ಗೇಮಿಂಗ್ ಪಿಸಿ ಅಪ್‌ಗ್ರೇಡ್ ಮಾಡಲು ಹೊರಟಿದ್ದೇನೆ. ಈಗಿರುವುದು ರೈಜನ್ 5 3600, ಜಿಟಿಎಕ್ಸ್ 1660 ಸೂಪರ್, ಒಂದು ಎಸ್‌ಎಸ್‌ಡಿ, ಒಂದು ಹಳೇ ಹಾರ್ಡ್ ಡಿಸ್ಕ್. ಮದರ್‌ಬೋರ್ಡ್ ಅದೇ ಇರುತ್ತೆ. ಪ್ರೊಸೆಸರ್ ಜಾಗಕ್ಕೆ ರೈಜನ್ 7 5700ಎಕ್ಸ್3ಡಿ, ಗ್ರಾಫಿಕ್ಸ್ ಕಾರ್ಡ್ ಜಾಗಕ್ಕೆ ಆರ್‌ಎಕ್ಸ್ 7800 ಎಕ್ಸ್‌ಟಿ. ಎರಡೂ ಮನೆಗೆ ಬಂದಾಗಿದೆ, ಡಬ್ಬದಲ್ಲೇ ಕೂತಿವೆ.

ಎಸ್‌ಎಂಪಿಎಸ್ (ಪಿಸಿಯ ಭಾಗಗಳಿಗೆ ಕರೆಂಟ್ ಕೊಡುವ ಪೆಟ್ಟಿಗೆ) 550 ವ್ಯಾಟ್. ತಗೊಂಡು ಏಳು ವರ್ಷ ಆಯ್ತು. 80 ಪ್ಲಸ್ ಸ್ಟಿಕರ್ (ಕರೆಂಟ್ ಎಷ್ಟು ಕಮ್ಮಿ ವ್ಯರ್ಥ ಮಾಡುತ್ತೆ ಅನ್ನೋದರ ಗುರುತು) ಇದೆ, ಆದರೆ ಬ್ರಾಂಜ್, ಗೋಲ್ಡ್ ಅಂತ ಏನೂ ಬರೆದಿಲ್ಲ. ಇದುವರೆಗೆ ಒಂದು ದಿನವೂ ತೊಂದರೆ ಕೊಟ್ಟಿಲ್ಲ. ಕಾರ್ಡಿನವರು 700 ವ್ಯಾಟ್ ಬೇಕು ಅಂತಾರೆ. ಆನ್‌ಲೈನ್ ಕ್ಯಾಲ್ಕುಲೇಟರ್‌ಗಳಲ್ಲಿ ಒಂದು 480 ತೋರಿಸುತ್ತೆ, ಇನ್ನೊಂದು 650. ಗೆಳೆಯನನ್ನು ಕೇಳಿದರೆ ಸುಮ್ನೆ 1000 ತಗೋ ಅಂತಾನೆ. ಯಾರ ಮಾತು ಕೇಳಲಿ?

ಫ್ರೇಮ್‌ಗುಂಗು:
550 ಸಾಕು. ಇದೇ ಕಾರ್ಡ್, 550 ಗೋಲ್ಡ್, ಒಂದು ವರ್ಷದಿಂದ ಓಡಿಸ್ತಾ ಇದ್ದೇನೆ. ಒಂದು ಸಲವೂ ಆಫ್ ಆಗಿಲ್ಲ. ಆ 700 ಅನ್ನೋದೆಲ್ಲ ಕಂಪನಿಯವರು ತಮ್ಮ ತಲೆಗೆ ಬರಬಾರದು ಅಂತ ಹಾಕೋ ಲೆಕ್ಕ.

ದೊಡ್ಡದಿರಲಿ:
1000 ತಗೊಳ್ಳಿ, ಮುಂದಿನ ಎರಡು ಕಾರ್ಡ್ ತನಕ ಈ ಕಡೆ ತಿರುಗಿ ನೋಡಬೇಕಾಗಿಲ್ಲ.

ಲೋಡ್‌ಲೆಕ್ಕ:
ಸಾಕು, ಬೇಕು ಅನ್ನೋ ಮುಂಚೆ ಲೇಬಲ್ ನೋಡಿ ಮಾರಾಯ್ರೆ. ಎಸ್‌ಎಂಪಿಎಸ್ ಪಕ್ಕದಲ್ಲಿ ಒಂದು ಪಟ್ಟಿ ಇರುತ್ತೆ. ಅದರಲ್ಲಿ 12 ವೋಲ್ಟ್ ಕೆಳಗೆ ಎಷ್ಟು ಆಂಪ್ಸ್ ಇದೆ, ಒಟ್ಟು ಎಷ್ಟು ವ್ಯಾಟ್ ಇದೆ ಅಂತ ಬರೆದು ಹಾಕಿ. ಡಬ್ಬದ ಮೇಲಿನ 550 ನೋಡಿ ಯಾರೂ ಉತ್ತರ ಹೇಳೋಕಾಗಲ್ಲ. ಫ್ರೇಮ್‌ಗುಂಗು ಅವರದ್ದೂ 550, ಇವರದ್ದೂ 550, ಎರಡೂ ಒಂದೇ ಅಲ್ಲದಿರಬಹುದು.

ಮಳೆಹನಿ:
ನೋಡಿದೆ ಸರ್. ಲೇಬಲ್ ಇರುವ ಬದಿ ಕ್ಯಾಬಿನೆಟ್ ಹಿಂದಿನ ಬಾಗಿಲಿನ ಕಡೆ ತಿರುಗಿತ್ತು, ಅದರ ಮೇಲೆ ಕೇಬಲ್ ಕಂತೆ. ನಾಲ್ಕು ಸ್ಕ್ರೂ ಬಿಚ್ಚಿ, ಅರ್ಧ ಹೊರಗೆ ಎಳೆದು, ಟಾರ್ಚ್ ಹಿಡಿದು ಓದಿದೆ.

3.3 ವೋಲ್ಟ್ 20 ಆಂಪ್ಸ್, 5 ವೋಲ್ಟ್ 20 ಆಂಪ್ಸ್, ಎರಡೂ ಸೇರಿ 120 ವ್ಯಾಟ್. ಆಮೇಲೆ 12ವಿ1 ಅಂತ 20 ಆಂಪ್ಸ್, 12ವಿ2 ಅಂತ 20 ಆಂಪ್ಸ್. ಇವೆರಡರ ಕೆಳಗೆ ಸಣ್ಣ ಅಕ್ಷರದಲ್ಲಿ 36 ಆಂಪ್ಸ್, 432 ವ್ಯಾಟ್ ಅಂತಿದೆ. 20 ಮತ್ತು 20 ಸೇರಿದರೆ 40 ಆಗಬೇಕಲ್ವಾ? 36 ಯಾಕೆ?

ಲೋಡ್‌ಲೆಕ್ಕ:
ಉತ್ತರ ಅಲ್ಲೇ ಇದೆ ನೋಡಿ.

ಒಂದೊಂದು ಸಾಲಿಗೆ 20ರ ತನಕ ಬಿಡುತ್ತಾರೆ. ಆದರೆ ಎರಡೂ ಒಟ್ಟಿಗೆ ಎಳೆದಾಗ 36 ದಾಟಬಾರದು. 36 ಗುಣಿಸು 12 ಅಂದರೆ 432. ಈಗಿನ ಪಿಸಿಯಲ್ಲಿ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಹೆಚ್ಚುಕಡಿಮೆ ಪೂರ್ತಿ 12 ವೋಲ್ಟಿನಿಂದಲೇ ತಿನ್ನುತ್ತವೆ. 3.3 ಮತ್ತು 5 ವೋಲ್ಟಿಗೆ ಇರುವ ಕೆಲಸ ತೀರಾ ಕಮ್ಮಿ. ಹಾಗಾಗಿ ಆ 120 ವ್ಯಾಟ್ ಇದ್ದೂ ನಿಮ್ಮ ಕೈಗೆ ಸಿಗಲ್ಲ. ನಿಮ್ಮ ಪಿಸಿಯ ಮಟ್ಟಿಗೆ ಇದು 550 ಅಲ್ಲ, 432 ವ್ಯಾಟಿನ ಎಸ್‌ಎಂಪಿಎಸ್. ಒಳ್ಳೆಯ ಹೊಸ ಡಿಸೈನ್‌ಗಳಲ್ಲಿ 550 ಅಂದರೆ 12 ವೋಲ್ಟಿನಲ್ಲೇ 540ರ ಆಸುಪಾಸು ಸಿಗುತ್ತೆ. ಫ್ರೇಮ್‌ಗುಂಗು ಅವರದ್ದು ಅಂಥದ್ದಿರಬೇಕು.

ಈಗ ಖರ್ಚಿನ ಕಡೆ ನೋಡೋಣ. 7800 ಎಕ್ಸ್‌ಟಿಗೆ ಎಎಂಡಿ ಕೊಟ್ಟ ಲೆಕ್ಕ 263 ವ್ಯಾಟ್. 5700ಎಕ್ಸ್3ಡಿಗೆ 105 ಅಂತ ಬರೆದಿರುತ್ತೆ. ಅದು ಟಿಡಿಪಿ, ಅಂದರೆ ತಂಪು ಮಾಡಲು ಹಾಕುವ ಬಿಸಿಯ ಲೆಕ್ಕ. ಎಎಂ4 ಸಾಕೆಟ್‌ನಲ್ಲಿ 105ರ ಪ್ರೊಸೆಸರ್‌ಗೆ 142 ವ್ಯಾಟ್ ತನಕ ಹೋಗಲು ಬಿಟ್ಟಿರುತ್ತಾರೆ. ಬೋರ್ಡ್, ರ್ಯಾಮ್, ಫ್ಯಾನ್, ಡಿಸ್ಕ್ ಎಲ್ಲ ಸೇರಿ 50 ಅಂದುಕೊಳ್ಳಿ. ಒಟ್ಟು 455. ಇರುವುದು 432.

ಫ್ರೇಮ್‌ಗುಂಗು:
ನನ್ನದು 12 ವೋಲ್ಟಿನಲ್ಲಿ 45 ಆಂಪ್ಸ್ ಇದೆ, ಈಗಷ್ಟೇ ನೋಡಿದೆ. 540 ವ್ಯಾಟ್. ಅದು ಸರಿ, ಒಪ್ಪಿದೆ.

ಆದರೆ ನಿಮ್ಮ 455 ಒಪ್ಪಲ್ಲ. ಯಾವ ಗೇಮ್ ಪ್ರೊಸೆಸರ್ ಮತ್ತು ಕಾರ್ಡ್ ಎರಡನ್ನೂ ಒಟ್ಟಿಗೆ ಪೂರ್ತಿ ದಣಿಸುತ್ತೆ ಹೇಳಿ? ಆ ಎಕ್ಸ್3ಡಿ ಚಿಪ್ ಗೇಮ್ ಆಡುವಾಗ 142ರ ಹತ್ತಿರವೂ ಬರಲ್ಲ. ಅದರ ಅರ್ಧದಷ್ಟು ತಿಂದರೆ ಹೆಚ್ಚು. ಹಾಗೆ ನೋಡಿದರೆ 385 ಕೂಡ ಆಗಲ್ಲ.

ಲೋಡ್‌ಲೆಕ್ಕ:
ಗೇಮ್ ಲೆಕ್ಕದಲ್ಲಿ ನೀವು ಹೇಳಿದ್ದು ಸರಿ. 455 ಅನ್ನೋದು ಮೇಲಿನ ಮಿತಿ, ದಿನನಿತ್ಯದ್ದಲ್ಲ. ಆದರೆ 263 ಅನ್ನೋದೂ ಸರಾಸರಿ. ಕಾರ್ಡ್ ಒಂದೇ ಸಮನೆ 263 ತಿನ್ನಲ್ಲ. ಮಧ್ಯೆ ಮಧ್ಯೆ ಕ್ಷಣಮಾತ್ರ ಅದಕ್ಕಿಂತ ತುಂಬಾ ಮೇಲೆ ಜಿಗಿಯುತ್ತೆ. ಆ ಜಿಗಿತ ನಿಭಾಯಿಸಲು ಎಸ್‌ಎಂಪಿಎಸ್‌ನಲ್ಲಿ ಉಸಿರು ಉಳಿದಿರಬೇಕು.

2022ರಲ್ಲಿ ಬಂದ ಎಟಿಎಕ್ಸ್ 3.0 ಅನ್ನೋ ಎಸ್‌ಎಂಪಿಎಸ್ ನಿಯಮಾವಳಿಯಲ್ಲಿ ಇದನ್ನೇ ಬರೆದಿಟ್ಟಿದ್ದಾರೆ. 450 ವ್ಯಾಟಿಗಿಂತ ದೊಡ್ಡ ಎಸ್‌ಎಂಪಿಎಸ್ ತನ್ನ ಮೇಲೆ ಬರೆದಿರುವುದರ ಎರಡು ಪಟ್ಟನ್ನು 100 ಮೈಕ್ರೋಸೆಕೆಂಡ್ ತಡೆದುಕೊಳ್ಳಬೇಕು. ಅಂದರೆ ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದು ಭಾಗ. ಅಷ್ಟು ಚಿಕ್ಕ ಕ್ಷಣಕ್ಕೂ ನಿಯಮ ಮಾಡಿದ್ದಾರೆ ಅಂದರೆ ಯೋಚನೆ ಮಾಡಿ. ಏಳು ವರ್ಷದ ಹಿಂದಿನ ಪೆಟ್ಟಿಗೆಗೆ ಈ ನಿಯಮವೇ ಇರಲಿಲ್ಲ.

ಕತ್ತಲೆಕೋಣೆ:
ಈ ಜಿಗಿತದಿಂದ ನಾನು ಎರಡು ತಿಂಗಳು ಒದ್ದಾಡಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ಆರ್‌ಟಿಎಕ್ಸ್ 3080, 320 ವ್ಯಾಟಿನ ಕಾರ್ಡ್. ಎಸ್‌ಎಂಪಿಎಸ್ 650. ಲೆಕ್ಕದ ಪ್ರಕಾರ ಎಲ್ಲ ಸರಿ ಇತ್ತು. ಆದರೆ ಗೇಮ್ ಲೋಡಿಂಗ್ ಮುಗಿದು ದೃಶ್ಯ ತೆರೆಯುವ ಹೊತ್ತಿಗೆ ಪಟ್ ಅಂತ ಆಫ್. ನೀಲಿ ಪರದೆ ಇಲ್ಲ, ಎರರ್ ಇಲ್ಲ. ಬೆರಳಿಟ್ಟು ಸ್ವಿಚ್ ಆರಿಸಿದ ಹಾಗೆ. ಮೊದಲು ಡ್ರೈವರ್ ಬದಲಿಸಿದೆ. ಆಮೇಲೆ ರ್ಯಾಮ್ ಒಂದೊಂದೇ ತೆಗೆದು ನೋಡಿದೆ. ವಿಂಡೋಸ್ ಎರಡು ಸಲ ಹೊಸದಾಗಿ ಹಾಕಿದೆ. ಈವೆಂಟ್ ವ್ಯೂವರ್‌ನಲ್ಲಿ ಪ್ರತಿ ಸಲವೂ ಅದೇ ಕರ್ನಲ್ ಪವರ್ 41. ಅದು ಕರೆಂಟ್ ಹೋಯ್ತು ಅಂತ ಮಾತ್ರ ಹೇಳುತ್ತೆ, ಯಾಕೆ ಹೋಯ್ತು ಅಂತ ಹೇಳಲ್ಲ.

ನನ್ನನ್ನು ದಾರಿ ತಪ್ಪಿಸಿದ್ದು ಸ್ಟ್ರೆಸ್ ಟೆಸ್ಟ್. ಒಂದು ಗಂಟೆ ಪೂರ್ತಿ ಲೋಡ್ ಕೊಟ್ಟರೂ ಅಲುಗಾಡಲಿಲ್ಲ. ಹಾಗಾದರೆ ಎಸ್‌ಎಂಪಿಎಸ್ ಗಟ್ಟಿಯಾಗಿದೆ ಅಂದುಕೊಂಡೆ. ಆಮೇಲೆ ಗೊತ್ತಾಯ್ತು, ಆ ಟೆಸ್ಟ್ ಒಂದೇ ಸಮನೆ ಎಳೆಯುತ್ತೆ. ಗೇಮ್ ಎಳೆದು ಬಿಟ್ಟು, ಎಳೆದು ಬಿಟ್ಟು ಮಾಡುತ್ತೆ. ಒಳಗಿನ ರಕ್ಷಣೆ ಆ ಜಿಗಿತವನ್ನು ನೋಡಿ ಏನೋ ಶಾರ್ಟ್ ಆಗಿದೆ ಅಂದುಕೊಂಡು ಕಡಿತ ಮಾಡುತ್ತಿತ್ತು. ಕಾರ್ಡಿನ ಪವರ್ ಲಿಮಿಟ್ ಶೇ 10 ಇಳಿಸಿ, ಫ್ರೇಮ್‌ಗಳನ್ನು ಮಾನಿಟರಿನ ಮಿತಿಗೆ ಕಟ್ಟಿಹಾಕಿದೆ. ಆಫ್ ಆಗುವುದು ನಿಂತಿತು. ಕೊನೆಗೆ 850 ತಗೊಂಡೆ.

ಬಿಸಿಚಿಪ್:
ಕತ್ತಲೆಕೋಣೆ ಹೇಳಿದ ಫ್ರೇಮ್ ಮಿತಿ ಎಲ್ಲರೂ ಹಾಕಿಕೊಳ್ಳಿ. ಕೆಲವು ಗೇಮ್‌ಗಳ ಮೆನು ಪರದೆಯಲ್ಲಿ ಫ್ರೇಮ್‌ಗಳು ಸಾವಿರ ದಾಟುತ್ತವೆ. ಆಡುವಾಗ ಸುಮ್ಮನಿರುವ ಕಾರ್ಡ್ ಮೆನುವಿನಲ್ಲಿ ಕಿರ್‌ರ್ ಅಂತ ಕೂಗುತ್ತೆ.

ಹೊಸಬ_77:
ಒಂದು ಪ್ರಶ್ನೆ. 1000 ವ್ಯಾಟ್ ಹಾಕಿದರೆ ಕರೆಂಟ್ ಬಿಲ್ ಜಾಸ್ತಿ ಬರಲ್ವಾ? ಅದು ಯಾವಾಗಲೂ 1000 ಎಳೀತಾ ಇರುತ್ತಲ್ಲ?

ಲೋಡ್‌ಲೆಕ್ಕ:
ಇಲ್ಲ ಗುರು. 1000 ಅನ್ನೋದು ಕೊಡಬಲ್ಲ ಶಕ್ತಿ. ಪಿಸಿ ಕೇಳಿದಷ್ಟೇ ಕೊಡುತ್ತೆ. ದೊಡ್ಡ ಟ್ಯಾಂಕ್ ಇದೆ ಅಂತ ನಲ್ಲಿಯಲ್ಲಿ ನೀರು ತಾನಾಗೇ ಜಾಸ್ತಿ ಸುರಿಯಲ್ಲ.

ಬಿಲ್ಲಿಗೆ ಲೆಕ್ಕ ಬರುವುದು ಎಫಿಷಿಯೆನ್ಸಿ, ಅಂದರೆ ಗೋಡೆಯಿಂದ ಎಳೆದದ್ದರಲ್ಲಿ ಪಿಸಿಗೆ ತಲುಪುವ ಪಾಲು. ಪಿಸಿಗೆ 360 ವ್ಯಾಟ್ ಬೇಕು ಅಂದುಕೊಳ್ಳಿ. ಶೇ 90ರ ಗೋಲ್ಡ್ ಆದರೆ ಗೋಡೆಯಿಂದ 400 ಎಳೆಯುತ್ತೆ. ಶೇ 85ರ ಬ್ರಾಂಜ್ ಆದರೆ ಸುಮಾರು 424. ವ್ಯತ್ಯಾಸ 24 ವ್ಯಾಟ್. ದಿನಕ್ಕೆ 4 ಗಂಟೆ ಆಡಿದರೂ ವರ್ಷಕ್ಕೆ 35 ಯೂನಿಟ್ ಅಷ್ಟೇ. ಬಿಲ್ಲಿಗೋಸ್ಕರ ಗೋಲ್ಡ್ ತಗೋಬೇಡಿ. ಆ 24 ವ್ಯಾಟ್ ಪೆಟ್ಟಿಗೆಯೊಳಗೇ ಬಿಸಿಯಾಗಿ ಕೂರುತ್ತೆ. ಬಿಸಿ ಕಮ್ಮಿ ಆದರೆ ಫ್ಯಾನ್ ನಿಧಾನವಾಗಿ ತಿರುಗುತ್ತೆ, ಸದ್ದೂ ಕಮ್ಮಿ.

ಹೊಸಬ_77:
ಥ್ಯಾಂಕ್ಸ್. ಹಾಗಾದರೆ ಗೋಲ್ಡ್ ಅಂದರೆ ಒಳ್ಳೆಯದು ಅಂತ ತಾನೆ?

ಸೋಲ್ಡರ್‌ಕೈ:
ಈ ಮಾತು ಕೇಳಿದಾಗಲೆಲ್ಲ ಬೇಜಾರಾಗುತ್ತೆ. 80 ಪ್ಲಸ್ ಅಳೆಯುವುದು ಎಫಿಷಿಯೆನ್ಸಿ ಮಾತ್ರ. 115 ವೋಲ್ಟಿನ ಟೆಸ್ಟಿನಲ್ಲಿ ಗೋಲ್ಡ್ ಅಂದರೆ ಶೇ 20, 50, 100 ಲೋಡಿನಲ್ಲಿ ಕ್ರಮವಾಗಿ 87, 90, 87. ಬ್ರಾಂಜ್ ಅಂದರೆ 82, 85, 82. ಅಷ್ಟೇ. ವೋಲ್ಟೇಜ್ ಎಷ್ಟು ಸ್ಥಿರ, ಶಾರ್ಟ್ ಆದಾಗ ಕಡಿತ ಆಗುತ್ತಾ, ಬಿಸಿಯಲ್ಲಿ ಎಷ್ಟು ವರ್ಷ ಬಾಳುತ್ತೆ, ಇದು ಯಾವುದೂ ಆ ಬ್ಯಾಡ್ಜ್‌ನಲ್ಲಿ ಇಲ್ಲ.

ನಾನು ರಿಪೇರಿ ಕೆಲಸ ಮಾಡುವವನು. ಏಳು ವರ್ಷದ ಪೆಟ್ಟಿಗೆ ಬಿಚ್ಚಿದರೆ ಏನು ಕಾಣುತ್ತೆ ಹೇಳ್ತೀನಿ. ಎಸ್‌ಎಂಪಿಎಸ್ ಒಳಗೆ ಔಟ್‌ಪುಟ್ ಕಡೆ ಸಣ್ಣ ಸಣ್ಣ ಡಬ್ಬಿ ತರಹದ ಕೆಪಾಸಿಟರ್‌ಗಳು ಸಾಲಾಗಿ ನಿಂತಿರುತ್ತವೆ. ತಲೆ ಚಪ್ಪಟೆ ಇರಬೇಕು. ಹಳೆಯದರಲ್ಲಿ ಒಂದೆರಡರ ತಲೆ ಉಬ್ಬಿರುತ್ತೆ, ಬುಡದಲ್ಲಿ ಕಂದು ಬಣ್ಣದ ಅಂಟು. ಒಳಗಿನ ದ್ರವ ನಿಧಾನಕ್ಕೆ ಒಣಗುತ್ತೆ. ಆಗ 12 ವೋಲ್ಟ್ ನೆಟ್ಟಗೆ ನಿಲ್ಲಲ್ಲ, ಅಲೆ ಏಳುತ್ತೆ. 12 ವೋಲ್ಟಿನ ಮೇಲೆ 120 ಮಿಲಿವೋಲ್ಟ್ ತನಕ ಅಲೆ ಇರಬಹುದು ಅಂತ ಎಟಿಎಕ್ಸ್ ನಿಯಮ. ಹಳೇದಕ್ಕೆ ಪೂರ್ತಿ ಲೋಡ್ ಕೊಟ್ಟರೆ ಅದು ದಾಟಿರುವುದನ್ನು ನಾನೇ ಸ್ಕೋಪಿನಲ್ಲಿ (ಅಲೆ ತೋರಿಸುವ ಯಂತ್ರ) ನೋಡಿದ್ದೇನೆ. ಹೊರಗಿನಿಂದ ನೋಡಿದರೆ ಪಿಸಿ ಚೆನ್ನಾಗಿಯೇ ಓಡುತ್ತಿರುತ್ತೆ.

ಹಾಗಂತ ಯಾರೂ ಬಿಚ್ಚಿ ನೋಡಲು ಹೋಗಬೇಡಿ. ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ 300 ವೋಲ್ಟಿಗಿಂತ ಮೇಲೆ ಇರುತ್ತೆ. ಪ್ಲಗ್ ತೆಗೆದ ಮೇಲೂ ಸ್ವಲ್ಪ ಹೊತ್ತು ಹಾಗೇ ಉಳಿದಿರಬಹುದು. ಕೈ ಹಾಕಿದರೆ ಜೀವಕ್ಕೇ ಅಪಾಯ.

ಮಳೆಹನಿ:
ಬಿಚ್ಚಲ್ಲ ಸರ್, ಖಂಡಿತ. ಆದರೆ ಏಳು ವರ್ಷ ಏನೂ ಆಗಿಲ್ಲ ಅನ್ನೋದಕ್ಕೆ ಬೆಲೆಯೇ ಇಲ್ವಾ?

ಲೋಡ್‌ಲೆಕ್ಕ:
ನಿಮ್ಮ ಹಳೇ ಲೆಕ್ಕ ಹಾಕಿ ನೋಡಿ. 1660 ಸೂಪರ್ 125, ರೈಜನ್ 3600 ಹೆಚ್ಚೆಂದರೆ 88, ಉಳಿದದ್ದು 50. ಒಟ್ಟು 263. ಇಷ್ಟು ವರ್ಷ ಇಡೀ ಪಿಸಿ ತಿಂದದ್ದನ್ನು ಈಗ ಹೊಸ ಕಾರ್ಡ್ ಒಂದೇ ತಿನ್ನುತ್ತೆ. ಅರವತ್ತು ಕೆಜಿ ಹೊತ್ತು ಅಭ್ಯಾಸ ಇರುವವರ ತಲೆ ಮೇಲೆ ನೂರು ಕೆಜಿ ಇಟ್ಟು, ಇಷ್ಟು ದಿನ ಹೊತ್ತಿದ್ದೀಯಲ್ಲ ಅಂದ ಹಾಗಾಗುತ್ತೆ.

ಮಳೆಹನಿ:
ಅರ್ಥ ಆಯ್ತು. ಇದನ್ನು ನಾನು ಯೋಚನೆ ಮಾಡಿರಲೇ ಇಲ್ಲ.

ಇನ್ನೊಂದು ವಿಷಯ. ಹೊಸ ಕಾರ್ಡಿಗೆ 8 ಪಿನ್ ಎರಡು ಬೇಕು. ಹಳೇದರಲ್ಲಿ ಒಂದೇ ಕೇಬಲ್ ಬರುತ್ತೆ, ಅದರ ತುದಿಯಲ್ಲಿ ಎರಡು ಕನೆಕ್ಟರ್ ಇದೆ. ಹೊಸದು ಬರುವ ತನಕ ಅದರಲ್ಲೇ ಓಡಿಸಬಹುದಾ?

ಬಿಸಿಚಿಪ್:
ಓಡುತ್ತೆ.

ಸೋಲ್ಡರ್‌ಕೈ:
ಓಡಬಹುದು, ಆದರೆ ಇವರ ಲೇಬಲ್ ನೋಡಿದ ಮೇಲೆ ಬೇಡ ಅಂತೀನಿ. ಕಾರ್ಡಿಗೆ ಸ್ಲಾಟ್‌ನಿಂದ ಸಿಗುವುದು ಹೆಚ್ಚೆಂದರೆ 75 ವ್ಯಾಟ್, ಅದರಲ್ಲೂ 12 ವೋಲ್ಟಿನ ಪಾಲು 66. ಉಳಿದ ಸುಮಾರು 200 ವ್ಯಾಟ್ ಆ ಒಂದೇ ಕೇಬಲ್‌ನಲ್ಲಿ ಬರಬೇಕು. 200 ಭಾಗಿಸು 12, ಹತ್ತಿರ ಹತ್ತಿರ 17 ಆಂಪ್ಸ್. ತಂತಿ ತಡೆದುಕೊಳ್ಳುತ್ತೆ, ಬೆಚ್ಚಗಾಗುತ್ತೆ ಅಷ್ಟೇ. ಆದರೆ ಆ ಕೇಬಲ್ ಕೂತಿರುವ 12ವಿ2 ಸಾಲಿನ ಮಿತಿಯೇ 20. ಕಾರ್ಡ್ ಒಂದು ಸಲ ಜಿಗಿದರೆ ಅದು ಮುಗಿಯಿತು. ಕತ್ತಲೆಕೋಣೆ ಅವರ ಕಥೆ ನಿಮ್ಮ ಮನೆಯಲ್ಲೂ ನಡೆಯುತ್ತೆ.

ಹೊಸದರಲ್ಲಿ ಎರಡು ಬೇರೆ ಬೇರೆ ಕೇಬಲ್ ಎಳೆದು ಹಾಕಿ.

ಜುಗಾಡಿ:
ಅಷ್ಟೆಲ್ಲ ಯಾಕೆ? ಡಿಸ್ಕಿಗೆ ಕರೆಂಟ್ ಕೊಡುವ ಸಾಟಾ ಕನೆಕ್ಟರ್‌ನಿಂದ 8 ಪಿನ್‌ಗೆ ಕನ್ವರ್ಟರ್ ಸಿಗುತ್ತೆ. ಒಂದು ಆ ಕೇಬಲ್‌ನಿಂದ, ಇನ್ನೊಂದು ಕನ್ವರ್ಟರ್‌ನಿಂದ ಕೊಡಿ. ಲೋಡ್ ಹಂಚಿಹೋಗುತ್ತೆ.

ಸೋಲ್ಡರ್‌ಕೈ:
ದಯವಿಟ್ಟು ಈ ಸಲಹೆ ಯಾರಿಗೂ ಕೊಡಬೇಡಿ. ಸಾಟಾ ಪವರ್ ಕನೆಕ್ಟರ್‌ನಲ್ಲಿ 12 ವೋಲ್ಟಿಗೆ ಇರುವುದು ಮೂರು ತೆಳು ಪಿನ್. ಒಂದೊಂದಕ್ಕೆ ಒಂದೂವರೆ ಆಂಪ್ಸ್. ಒಟ್ಟು 54 ವ್ಯಾಟ್. 8 ಪಿನ್ ಕನೆಕ್ಟರ್‌ನಿಂದ ಕಾರ್ಡ್ 150 ವ್ಯಾಟ್ ತನಕ ಕೇಳಬಹುದು. 54ರ ಜಾಗದಲ್ಲಿ 150 ಎಳೆದರೆ ಪ್ಲಾಸ್ಟಿಕ್ ಕರಗುತ್ತೆ. ಕರಗಿ ಡ್ರೈವ್ ಜತೆ ಅಂಟಿಕೊಂಡ ಕನೆಕ್ಟರನ್ನು ಬ್ಲೇಡಿನಲ್ಲಿ ಬಿಡಿಸಿದ್ದೇನೆ ನಾನು.

ಜುಗಾಡಿ:
ನಾನು ಸಣ್ಣ ಕಾರ್ಡಿಗೆ ಹಾಕಿದ್ದೆ, ಆರು ತಿಂಗಳು ಓಡಿತ್ತು. ಆದರೆ 54ರ ಲೆಕ್ಕ ಗೊತ್ತಿರಲಿಲ್ಲ. ಸಲಹೆ ವಾಪಸ್ ತಗೊಂಡೆ.

ದೊಡ್ಡದಿರಲಿ:
ಹಾಗಾದರೆ ನಾನು ಹೇಳಿದ 1000ವೇ ಸರಿ ಅಂತಾಯ್ತು.

ಲೋಡ್‌ಲೆಕ್ಕ:
ಇವರಿಗೆ ಬೇಡ ಅಣ್ಣ. ಮೇಲಿನ ಮಿತಿ 455. ಜಿಗಿತಕ್ಕೆ, ವಯಸ್ಸಿಗೆ, ಮುಂದೆ ಒಂದು ಮೆಟ್ಟಿಲು ದೊಡ್ಡ ಕಾರ್ಡಿಗೆ ಜಾಗ ಬಿಟ್ಟರೆ 650 ಸಾಕು, 750 ಆರಾಮ. ಅದೇ ದುಡ್ಡಿನಲ್ಲಿ ಕಳಪೆ 1000ಕ್ಕಿಂತ ಒಳ್ಳೆಯ 750 ಮೇಲು. ಕಂಪನಿ ಹೇಳುವ 700ಕ್ಕೂ ಇದೇ ಕಾರಣ. ನಿಮ್ಮ ಹತ್ತಿರ ಯಾವ ಪ್ರೊಸೆಸರ್ ಇದೆ ಅಂತ ಅವರಿಗೆ ಗೊತ್ತಿಲ್ಲ. 253 ವ್ಯಾಟ್ ತಿನ್ನುವ ಐ9 13900ಕೆ ಇರಬಹುದು. ಎಸ್‌ಎಂಪಿಎಸ್ ಕಳಪೆ ಇರಬಹುದು. ಎಲ್ಲರಿಗೂ ಆಗುವ ಹಾಗೆ ಒಂದು ಅಂಕಿ ಬರೆಯುತ್ತಾರೆ.

ದೊಡ್ಡದಿರಲಿ:
ದೊಡ್ಡದಾದರೆ ಅರ್ಧ ಲೋಡಿನಲ್ಲಿ ಓಡುತ್ತೆ, ಅಲ್ಲೇ ಎಫಿಷಿಯೆನ್ಸಿ ಜಾಸ್ತಿ ಅಂತ ನೀವೇ ಬೇರೆ ಕಡೆ ಬರೆದಿದ್ದಿರಿ.

ಲೋಡ್‌ಲೆಕ್ಕ:
ಬರೆದಿದ್ದೆ, ನಿಜ. ಆದರೆ ಸೋಲ್ಡರ್‌ಕೈ ಕೊಟ್ಟ ಅಂಕಿ ನೋಡಿ. ಶೇ 50ಕ್ಕೂ 100ಕ್ಕೂ ಮಧ್ಯೆ ಬರೀ ಮೂರರ ವ್ಯತ್ಯಾಸ. ಅದಕ್ಕಾಗಿ ಇನ್ನೂ 250 ವ್ಯಾಟಿಗೆ ದುಡ್ಡು ಸುರಿಯಬೇಕಾಗಿಲ್ಲ. ಪಿಸಿ ದಿನದ ಬಹುಪಾಲು ಹೊತ್ತು ಬ್ರೌಸರ್ ತೆರೆದುಕೊಂಡು 60 ವ್ಯಾಟಿನಲ್ಲಿ ಕೂತಿರುತ್ತೆ. 1000ದ ಪೆಟ್ಟಿಗೆಗೆ ಅದು ಶೇ 6. ಅಲ್ಲಿ ಎಫಿಷಿಯೆನ್ಸಿ ಬೀಳುತ್ತೆ.

ದೊಡ್ಡದಿರಲಿ:
ನನ್ನದು 5090. ನನಗೆ 1000 ಬೇಕೇ ಬೇಕು.

ಲೋಡ್‌ಲೆಕ್ಕ:
ಆ 575 ವ್ಯಾಟಿನ ಕಾರ್ಡಿಗೆ ಬೇಕು. ಅದರಲ್ಲಿ ಜಗಳ ಇಲ್ಲ.

ಹೊಸಬ_77:
ಮಧ್ಯೆ ಬಾಯಿ ಹಾಕ್ತಿದ್ದೇನೆ, ಕ್ಷಮಿಸಿ. ನಾನು 5070 ಟಿಐ ನೋಡ್ತಿದ್ದೇನೆ. ಅದರ 16 ಪಿನ್ ಕನೆಕ್ಟರ್ ಸುಟ್ಟುಹೋಗುತ್ತೆ ಅಂತ ಎಲ್ಲ ಕಡೆ ಓದಿದೆ. ಭಯ ಆಗ್ತಿದೆ.

ಬಿಸಿಚಿಪ್:
ಜಾಸ್ತಿ ಸುದ್ದಿಯಾದದ್ದು 2022ರಲ್ಲಿ 4090 ಬಂದಾಗ. ಅದು 450 ವ್ಯಾಟಿನ ಕಾರ್ಡ್. 450 ಭಾಗಿಸು 12, 37.5 ಆಂಪ್ಸ್. ಆರು ಪಿನ್‌ಗೆ ಹಂಚಿದರೆ ಒಂದಕ್ಕೆ ಆರು ಆಂಪ್ಸ್ ಮೇಲೆ. ಪ್ಲಗ್ ಪೂರ್ತಿ ಒಳಗೆ ಹೋಗದೆ ಒಂದೆರಡು ಪಿನ್ ಸರಿಯಾಗಿ ತಾಗದಿದ್ದರೆ ಉಳಿದವುಗಳ ಮೇಲೆ ಭಾರ ಬೀಳುತ್ತೆ, ಕರಗುತ್ತೆ. ನಿಮ್ಮದು 300 ವ್ಯಾಟ್. ಒಂದು ಪಿನ್‌ಗೆ ನಾಲ್ಕರ ಹತ್ತಿರ. ತುಂಬಾ ಜಾಗ ಇದೆ.

ಆಮೇಲೆ ಕನೆಕ್ಟರನ್ನೂ ತಿದ್ದಿದ್ದಾರೆ. ಹೊಸದನ್ನು 12ವಿ 2x6 ಅಂತಾರೆ. ಅದರಲ್ಲಿ ಸೆನ್ಸ್ ಪಿನ್‌ಗಳನ್ನು ಗಿಡ್ಡ ಮಾಡಿದ್ದಾರೆ. ಪ್ಲಗ್ ಸಡಿಲ ಇದ್ದರೆ ಅವು ತಾಗುವುದೇ ಇಲ್ಲ, ಕಾರ್ಡ್ ಕರೆಂಟ್ ಎಳೆಯಲ್ಲ. ನೀವು ಮಾಡಬೇಕಾದ್ದು, ಗಟ್ಟಿಯಾಗಿ ಒತ್ತಿ, ಬೆಳಕು ಬಿಟ್ಟು ನೋಡಿ, ಮಧ್ಯೆ ಗೆರೆಯಷ್ಟೂ ಸಂದಿ ಇರಬಾರದು. ಕನೆಕ್ಟರ್ ಬಾಯಲ್ಲೇ ಕೇಬಲ್ ಮಡಚಬೇಡಿ. ಮೂರೂವರೆ ಸೆಂಟಿಮೀಟರ್ ನೇರ ಬಿಟ್ಟು ಆಮೇಲೆ ಬಗ್ಗಿಸಿ.

ಹೊಸಬ_77:
ಧೈರ್ಯ ಬಂತು. ಥ್ಯಾಂಕ್ಸ್.

ಕತ್ತಲೆಕೋಣೆ:
ಎಸ್‌ಎಂಪಿಎಸ್ ದೊಡ್ಡದು ಮಾಡುವಾಗ ಯುಪಿಎಸ್ ಮರೀಬೇಡಿ. ನನ್ನ ಯುಪಿಎಸ್ ಮೇಲೆ 600 ಅಂತಿತ್ತು. ಅದು 600 ವಿಎ, ವ್ಯಾಟಿನಲ್ಲಿ 360. ಹೊಸ ಕಾರ್ಡ್ ಹಾಕಿದ ಮೇಲೆ ಕರೆಂಟ್ ಹೋದ ತಕ್ಷಣ ಅದು ಕೀಂ ಅಂತ ಕೂಗಿ ಪಿಸಿ ಜತೆಗೇ ಆಫ್ ಆಗುತ್ತಿತ್ತು.

ಸೋಲ್ಡರ್‌ಕೈ:
ಇನ್ನೊಂದು, ಯುಪಿಎಸ್ ಪ್ಯೂರ್ ಸೈನ್ ವೇವ್ (ಗೋಡೆಯ ಕರೆಂಟಿನ ಹಾಗೆ ನಯವಾದ ಅಲೆ) ಆದರೆ ಒಳ್ಳೆಯದು. ಈಗಿನ ಎಸ್‌ಎಂಪಿಎಸ್‌ಗಳಲ್ಲಿ ಆಕ್ಟಿವ್ ಪಿಎಫ್‌ಸಿ (ಗೋಡೆಯಿಂದ ಕರೆಂಟನ್ನು ಹದವಾಗಿ ಎಳೆಯುವ ಸರ್ಕ್ಯೂಟ್) ಇರುತ್ತೆ. ಮೆಟ್ಟಿಲು ಮೆಟ್ಟಿಲಾದ ಕರೆಂಟ್ ಕೆಲವಕ್ಕೆ ಒಗ್ಗಲ್ಲ.

ಮಳೆಹನಿ:
750 ವ್ಯಾಟ್ ಗೋಲ್ಡ್ ತಗೊಂಡೆ. ಎಟಿಎಕ್ಸ್ 3.1, ಪೂರ್ತಿ ಮಾಡ್ಯುಲರ್ (ಎಲ್ಲ ಕೇಬಲ್‌ಗಳನ್ನೂ ಪೆಟ್ಟಿಗೆಯಿಂದ ಕಿತ್ತು ಹಾಕಬಹುದು), 12 ವೋಲ್ಟಿನಲ್ಲಿ 62.5 ಆಂಪ್ಸ್. ಇವತ್ತು ಸಂಜೆ ಹಾಕುತ್ತೇನೆ.

ಒಂದು ಸಮಾಧಾನ, ಹಳೇದು ಅರ್ಧ ಮಾಡ್ಯುಲರ್ ಆಗಿತ್ತು. ಹಾರ್ಡ್ ಡಿಸ್ಕಿನ ಸಾಟಾ ಕೇಬಲ್ ಹಿಂದಿನಿಂದ ನೀಟಾಗಿ ಕಟ್ಟಿ ಎಳೆದಿದ್ದೇನೆ. ಅದನ್ನು ಬಿಚ್ಚಬೇಕಾಗಿಲ್ಲ, ಎಸ್‌ಎಂಪಿಎಸ್ ಕಡೆಯ ತುದಿ ಹೊಸದಕ್ಕೂ ಸರಿಯಾಗಿ ಕೂರುತ್ತೆ. ಕೂರಿಸಿಯೂ ನೋಡಿದೆ.

ಸೋಲ್ಡರ್‌ಕೈ:
ನಿಲ್ಲಿಸಿ. ಸ್ವಿಚ್ ಹಾಕಬೇಡಿ. ಆ ಕೇಬಲ್ ಕಿತ್ತು ಪಕ್ಕಕ್ಕಿಡಿ.

ಡಿಸ್ಕ್ ಕಡೆಯ ತುದಿ ಎಲ್ಲ ಕಂಪನಿಗೂ ಒಂದೇ. ಎಸ್‌ಎಂಪಿಎಸ್ ಕಡೆಯ ತುದಿಗೆ ಯಾವ ನಿಯಮವೂ ಇಲ್ಲ. ನೋಡಲು ಒಂದೇ ಥರ, ಸರಿಯಾಗಿ ಕೂರುತ್ತೆ ಕೂಡ. ಆದರೆ ಒಬ್ಬರು 12 ವೋಲ್ಟ್ ಇಟ್ಟ ಪಿನ್ ಇನ್ನೊಬ್ಬರಲ್ಲಿ 5 ವೋಲ್ಟ್ ಇರಬಹುದು. 5 ವೋಲ್ಟ್ ಬೇಕಾದ ಕಡೆ 12 ಹೋದರೆ ಸ್ವಿಚ್ ಹಾಕಿದ ಕ್ಷಣಕ್ಕೇ ಡಿಸ್ಕ್ ಸತ್ತುಹೋಗುತ್ತೆ. ಒಂದೇ ಕಂಪನಿಯ ಎರಡು ಮಾಡೆಲ್ ಮಧ್ಯೆಯೂ ಬೇರೆ ಇರುವುದುಂಟು. ನನ್ನ ಹತ್ತಿರ ಹೀಗೆ ಸತ್ತ ಡಿಸ್ಕ್ ಹಿಡಿದುಕೊಂಡು ಬಂದವರು ಇದ್ದಾರೆ. ಮಕ್ಕಳ ಫೋಟೋ ಎಲ್ಲ ಅದರಲ್ಲೇ ಇತ್ತು ಅಂದರು.

ಬಿಸಿಚಿಪ್:
ಮಳೆಹನಿ, ಓದಿದ್ರಾ? ಉತ್ತರ ಕೊಡಿ.

ಮಳೆಹನಿ:
ಓದಿದೆ. ಕೈಕಾಲು ತಣ್ಣಗಾಯ್ತು. ಸ್ವಿಚ್ ಹಾಕಿರಲಿಲ್ಲ.

ಮನೆಯಲ್ಲಿ ಮಲ್ಟಿಮೀಟರ್ ಇತ್ತು. ಎರಡೂ ಕೇಬಲ್‌ಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟೆ. ಎಲ್ಲೂ ಕರೆಂಟ್ ಇಲ್ಲ, ಬರೀ ಕೇಬಲ್. ಹಳೇದರಲ್ಲಿ ಹಳದಿ, ಕೆಂಪು, ಕಪ್ಪು ತಂತಿ ಕಾಣುತ್ತೆ. ಹೊಸದು ಪೂರ್ತಿ ಕಪ್ಪು, ಏನೂ ಗೊತ್ತಾಗಲ್ಲ. ಬೀಪ್ ಮೋಡ್‌ಗೆ ಹಾಕಿ, ಒಂದು ಮೊನೆಯನ್ನು ಡಿಸ್ಕ್ ಕಡೆಯ 12 ವೋಲ್ಟ್ ಪಿನ್‌ಗೆ ಹಿಡಿದು, ಇನ್ನೊಂದನ್ನು ಎಸ್‌ಎಂಪಿಎಸ್ ತುದಿಯ ಪಿನ್‌ಗಳಿಗೆ ಒಂದೊಂದಾಗಿ ತಾಗಿಸಿದೆ. ಹಳೇ ಕೇಬಲ್ ಮೂಲೆಯ ಪಿನ್‌ನಲ್ಲಿ ಬೀಪ್ ಆಯ್ತು. ಹೊಸದು ಅದರ ಪಕ್ಕದ್ದರಲ್ಲಿ. ಹೊಸದರ ಮೂಲೆಯಲ್ಲಿ ಯಾವುದಿದೆ ಅಂತ ಹುಡುಕಿದರೆ, 5 ವೋಲ್ಟ್.

ಮೂರು ಸಲ ತಿರುಗಿಸಿ ಮುರುಗಿಸಿ ನೋಡಿದೆ, ಅದೇ. ಸೋಲ್ಡರ್‌ಕೈ ಸರ್, ನನ್ನ ಆ ಡಿಸ್ಕಿನಲ್ಲೂ ಹಳೇ ಫೋಟೋಗಳೇ ಇರೋದು. ಏನು ಹೇಳಬೇಕೋ ಗೊತ್ತಾಗ್ತಿಲ್ಲ.

ಸೋಲ್ಡರ್‌ಕೈ:
ಉಳೀತಲ್ಲ, ಸಾಕು. ಫೋಟೋಗಳ ಇನ್ನೊಂದು ಕಾಪಿ ಇವತ್ತೇ ಮಾಡಿಡಿ.

ಫ್ರೇಮ್‌ಗುಂಗು:
ನಾನು ಮೂರು ಪಿಸಿ ಜೋಡಿಸಿದ್ದೇನೆ, ಇದು ಗೊತ್ತೇ ಇರಲಿಲ್ಲ. ಈಗ ಹೋಗಿ ನನ್ನದನ್ನೂ ನೋಡುತ್ತೇನೆ.

ಮಳೆಹನಿ:
ಎರಡು ದಿನ ಆಯ್ತು, ಎಲ್ಲ ಚೆನ್ನಾಗಿ ಓಡುತ್ತಿದೆ. ಪ್ಲಗ್ ಮೀಟರ್ ಒಂದು ಎರವಲು ತಂದು ಅಳೆದೆ. ಸುಮ್ಮನೆ ಡೆಸ್ಕ್‌ಟಾಪ್‌ನಲ್ಲಿ 62 ವ್ಯಾಟ್. ಗೇಮ್ ಆಡುವಾಗ 380ರಿಂದ 395. ಪ್ರೊಸೆಸರ್, ಕಾರ್ಡ್ ಎರಡಕ್ಕೂ ಒಟ್ಟಿಗೆ ಸ್ಟ್ರೆಸ್ ಟೆಸ್ಟ್ ಹಾಕಿದಾಗ 455. ಇದು ಗೋಡೆಯಿಂದ ಎಳೆಯುವ ಲೆಕ್ಕ. ಡೆಸ್ಕ್‌ಟಾಪ್‌ನಲ್ಲಿ ಎಸ್‌ಎಂಪಿಎಸ್ ಫ್ಯಾನ್ ತಿರುಗುವುದೇ ಇಲ್ಲ. ಮೊದಲ ದಿನ ಕೆಟ್ಟಿದೆ ಅಂದುಕೊಂಡು ಕೈ ಹಿಡಿದು ನೋಡಿದೆ. ಗೇಮ್ ಶುರುವಾದ ಮೇಲೆ ನಿಧಾನಕ್ಕೆ ತಿರುಗಿತು.

ಫ್ರೇಮ್‌ಗುಂಗು:
ನೋಡಿ! ಗೋಡೆಯಲ್ಲಿ 395 ಅಂದರೆ ಒಳಗೆ 355 ಅಷ್ಟೇ. ಹಳೇ 432ಕ್ಕೂ ಒಳಗೇ ಇತ್ತು. ನಾನು ಹೇಳಿದ್ದು ಇದನ್ನೇ.

ಲೋಡ್‌ಲೆಕ್ಕ:
ಗೇಮಿನಲ್ಲಿ ಒಳಗೆ ಇತ್ತು, ಹೌದು. ನಿಮ್ಮ ಅಂದಾಜು ಸರಿಯಾಗಿತ್ತು. ಆದರೆ ಟೆಸ್ಟಿನ 455 ಅಂದರೆ ಒಳಗೆ 410ರ ಆಸುಪಾಸು. 432ರ ಪೆಟ್ಟಿಗೆಗೆ ಅದು ಶೇ 95. ಏಳು ವರ್ಷದ ಹಳೇ ಪೆಟ್ಟಿಗೆ ಬೇರೆ. ಆ ಪ್ಲಗ್ ಮೀಟರ್ ತೋರಿಸುವುದು ಸರಾಸರಿ, ಜಿಗಿತ ಅದಕ್ಕೆ ಕಾಣಲ್ಲ. ಒಂದು ಸಾಲಿಗೆ 20 ಆಂಪ್ಸ್ ಮಿತಿ ಇದ್ದದ್ದನ್ನೂ ಮರೀಬೇಡಿ.

ಫ್ರೇಮ್‌ಗುಂಗು:
ಆ ಸಾಲಿನ ಮಿತಿ ಒಪ್ಪಿದೆ. ಒಳ್ಳೆಯ 550 ಆಗಿದ್ದರೆ ಓಡುತ್ತಿತ್ತು ಅಂತ ಮಾತ್ರ ಈಗಲೂ ಹೇಳುತ್ತೇನೆ.

ಲೋಡ್‌ಲೆಕ್ಕ:
ಒಳ್ಳೆಯ 550 ಆಗಿದ್ದರೆ ಓಡುತ್ತಿತ್ತು. ಅದಕ್ಕೆ ನಾನೂ ಹೂಂ ಅಂತೀನಿ.

ಮಳೆಹನಿ:
ಕೊನೆಯದಾಗಿ ಒಂದು. ಹಳೇ 3600, 1660 ಸೂಪರ್ ಸೇರಿಸಿ ತಮ್ಮನಿಗೆ ಒಂದು ಪಿಸಿ ಮಾಡಿಕೊಡೋಣ ಅಂತಿದ್ದೇನೆ. ಹಳೇ 550 ಅದಕ್ಕೆ ಹಾಕಬಹುದಾ?

ಲೋಡ್‌ಲೆಕ್ಕ:
263 ವ್ಯಾಟಿನ ಪಿಸಿ. ಏಳು ವರ್ಷ ಅದನ್ನೇ ಓಡಿಸಿದೆ. ಸದ್ಯಕ್ಕೆ ಹಾಕಿ.

ಸೋಲ್ಡರ್‌ಕೈ:
ಸದ್ಯಕ್ಕೆ ಅನ್ನೋದನ್ನು ಗಟ್ಟಿಯಾಗಿ ಹೇಳಿ. ಸುಟ್ಟ ವಾಸನೆ ಬಂದರೆ, ಫ್ಯಾನ್ ಸದ್ದು ಬದಲಾದರೆ, ಕಾರಣ ಇಲ್ಲದೆ ರೀಸ್ಟಾರ್ಟ್ ಆದರೆ, ಆ ದಿನವೇ ತೆಗೆದುಬಿಡಿ. ತಮ್ಮನಿಗೂ ಇದನ್ನು ಹೇಳಿಡಿ. ಅದರ ಕೇಬಲ್‌ಗಳು ಅದರ ಜತೆಗೇ ಹೋಗಲಿ, ನಿಮ್ಮ ಕಡೆ ಒಂದೂ ಉಳಿಯಬಾರದು.

ಮಳೆಹನಿ:
ಆಗಲೇ ಕಟ್ಟಿಟ್ಟಾಯ್ತು ಸರ್. ಎಲ್ಲ ಕೇಬಲ್ ಒಂದು ಚೀಲಕ್ಕೆ ಹಾಕಿ, ಪ್ರತಿಯೊಂದರ ತುದಿಗೂ ಕಾಗದದ ಟೇಪ್ ಸುತ್ತಿ, ಪೆನ್ನಿನಲ್ಲಿ “ಹಳೇ 550ರದ್ದು ಮಾತ್ರ” ಅಂತ ಬರೆದಿದ್ದೇನೆ. ಹೊಸದರ ಕೇಬಲ್‌ಗಳಿಗೂ ಹಾಗೇ ಬರೆದು ಅಂಟಿಸಿದೆ.